ಗೆರೆಗೆ ತೂಕ ಬಂದಾಗ

ಕೇಳುಗರಿಗೆ ನಮಸ್ಕಾರ.

ಪರದೆಯ ಮೇಲೆ ಒಂದು ಚೆಂಡು ಇದೆ. ದೂರದಲ್ಲಿ ಒಂದು ನಕ್ಷತ್ರ. ಚೆಂಡು ನಕ್ಷತ್ರಕ್ಕೆ ತಾಗಬೇಕು. ಆದರೆ ಅದನ್ನು ಎತ್ತಿ ಅಲ್ಲಿ ಇಡುವ ಹಾಗಿಲ್ಲ. ನಿಮ್ಮ ಕೈಯಲ್ಲಿರುವುದು ಒಂದು ಕ್ರಯಾನ್ ಅಷ್ಟೇ.

ಸರಿ, ಸುಮ್ನೆ ಒಂದು ಚೌಕ ಬರೆಯುತ್ತೀರಿ. ಕೊನೆಯ ಗೆರೆ ಮುಗಿದು ಕೈ ಬಿಟ್ಟ ತಕ್ಷಣ ಅದು ದೊಪ್ಪನೆ ಬೀಳುತ್ತದೆ! ಅಲ್ಲಿಯವರೆಗೆ ಬರೀ ಚಿತ್ರ. ಈಗ ಅದಕ್ಕೆ ತೂಕ ಇದೆ. ಇಳಿಜಾರಿದ್ದರೆ ಜಾರುತ್ತದೆ, ಅಂಚಿನಲ್ಲಿದ್ದರೆ ಮಗುಚುತ್ತದೆ. ಚಿತ್ರ ಬರೆದು ಆಡುವ ಕಂಪ್ಯೂಟರ್ ಆಟಗಳ ಸೆಳೆತ ಶುರುವಾಗುವುದು ಇಲ್ಲೇ.

ಇವುಗಳಲ್ಲಿ ತುಂಬಾ ಹೆಸರು ಮಾಡಿದ್ದು 'ಕ್ರಯಾನ್ ಫಿಸಿಕ್ಸ್ ಡಿಲಕ್ಸ್'. ಮಾಡಿದವರು ಫಿನ್ಲೆಂಡಿನ ಪೆಟ್ರಿ ಪುರ್ಹೊ. 2008ರಲ್ಲಿ, ಸ್ವತಂತ್ರವಾಗಿ ಆಟ ಮಾಡುವವರಿಗಾಗಿ ನಡೆಯುವ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತಿ ದೊಡ್ಡ ಬಹುಮಾನ ಇದಕ್ಕೆ ಸಿಕ್ಕಿತು. ಆಟ ಮಾರಾಟಕ್ಕೆ ಬಂದದ್ದು ಮರುವರ್ಷ. ಅದಕ್ಕೂ ಮೊದಲು, 2006ರಲ್ಲಿ, ಸ್ಲೊವೇನಿಯಾದಿಂದ 'ಲೈನ್ ರೈಡರ್' ಬಂದಿತ್ತು. ನೀವು ಎಳೆದ ಗೆರೆಯ ಮೇಲೆ ಒಬ್ಬ ಪುಟಾಣಿ ಮನುಷ್ಯ ಸ್ಲೆಡ್, ಅಂದರೆ ಹಿಮದ ಜಾರುಬಂಡಿ, ಹತ್ತಿ ಜಾರುತ್ತಾನೆ. ಗೆಲುವೂ ಇಲ್ಲ, ಸೋಲೂ ಇಲ್ಲ. ಆದರೂ ಜನ ಗಂಟೆಗಟ್ಟಲೆ ಗೆರೆ ಎಳೆದರು.

ಒಳಗೆ ನಡೆಯುವುದು ಲೆಕ್ಕ. ನಿಮ್ಮ ಕೈಬರಹದ ವಕ್ರ ಗೆರೆಯನ್ನು ಕಂಪ್ಯೂಟರ್ ಸಣ್ಣ ಸಣ್ಣ ನೇರ ತುಂಡುಗಳಾಗಿ ನೋಡುತ್ತದೆ. ಆಕಾರ ಮುಚ್ಚಿದ್ದರೆ ಅದರ ವಿಸ್ತೀರ್ಣದಿಂದ ತೂಕ ಕಟ್ಟುತ್ತದೆ. ದೊಡ್ಡದಾಗಿ ಬರೆದರೆ ಜಾಸ್ತಿ ತೂಕ. ಆಮೇಲೆ ಯಾವುದು ಯಾವುದಕ್ಕೆ ತಗುಲಿತು, ಎಷ್ಟು ಉಜ್ಜಿತು, ಎತ್ತ ತಿರುಗಿತು ಎಂಬುದನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಲೆಕ್ಕ ಹಾಕುತ್ತದೆ. ಎರಿನ್ ಕ್ಯಾಟೊ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟ 'ಬಾಕ್ಸ್2ಡಿ' ಎಂಬ ಪ್ರೋಗ್ರಾಂ ಇಂಥ ಎಷ್ಟೋ ಆಟಗಳ ಬೆನ್ನೆಲುಬು.

ಆಡುವವರಿಗೆ ಇದೇನೂ ಗೊತ್ತಿರಬೇಕಾಗಿಲ್ಲ. ಚೆಂಡು ಮೇಲಕ್ಕೆ ಹಾರಬೇಕು ಅಂದುಕೊಳ್ಳಿ. ಪುಟ್ಟ ಸೊನ್ನೆ ಸುತ್ತಿದರೆ ಅದು ಮೊಳೆ. ಅದರ ಮೇಲೆ ಉದ್ದನೆಯ ಹಲಗೆ ಬರೆದರೆ ಸೀಸಾ ತಯಾರು. ಒಂದು ತುದಿಯಲ್ಲಿ ಚೆಂಡು. ಇನ್ನೊಂದು ತುದಿಯ ನೆತ್ತಿಯ ಮೇಲೆ ದಪ್ಪ ಬಂಡೆ ಬರೆದು ಬಿಡಿ. ಬಂಡೆ ಸಣ್ಣದಾದರೆ ಚೆಂಡು ಮಿಸುಕುವುದಿಲ್ಲ. ತೀರಾ ದೊಡ್ಡದಾದರೆ ಚೆಂಡು ಪರದೆ ದಾಟಿ ಹೋಗಿಯೇ ಬಿಡುತ್ತದೆ. ಮೊಳೆಯನ್ನು ಒಂಚೂರು ಪಕ್ಕಕ್ಕೆ ಸರಿಸಿ ನೋಡೋಣ ಅನ್ನಿಸುತ್ತದೆ, ಅಲ್ವಾ? ಸನ್ನೆಗೋಲಿನ ನಿಯಮವನ್ನು ಯಾರೂ ಪಾಠ ಮಾಡಲಿಲ್ಲ. ಕೈಗೇ ಅದು ಹತ್ತುತ್ತದೆ.

ಸೋತರೂ ಸಿಟ್ಟು ಬರುವುದು ಕಡಿಮೆ. ಕಟ್ಟಿದ ಸೇತುವೆ ಕುಸಿಯುವುದನ್ನು ನೋಡುವಾಗ ನಗುವೇ ಬರುತ್ತದೆ. ತಪ್ಪು ಎಲ್ಲಿ ಅಂತಲೂ ಕಣ್ಣಿಗೆ ಕಾಣುತ್ತದೆ.

ಒಂದು ದೂರು ಮಾತ್ರ ನನ್ನದೂ ಇದೆ. ಒಂದು ಉಪಾಯ ಫಲಿಸಿತೆಂದರೆ ಪ್ರತಿ ಹಂತದಲ್ಲೂ ಅದನ್ನೇ ಹಾಕುತ್ತೇವೆ. ಮತ್ತದೇ ಸೀಸಾ, ಮತ್ತದೇ ಬಂಡೆ. ಬೇಸರವಾಗುತ್ತದೆ. ಪುರ್ಹೊ ಇದಕ್ಕೆ ಒಂದು ದಾರಿ ಹುಡುಕಿದ್ದಾರೆ. ಒಂದೇ ಒಂದು ವಸ್ತು ಬರೆದು ಗೆದ್ದರೆ ಅದಕ್ಕೆ ಬೇರೆ ಗುರುತು ಸಿಗುತ್ತದೆ. ಇನ್ನೊಂದು ಗುರುತು 'ಭಲೇ' ಅನ್ನಿಸುವ ಉಪಾಯಕ್ಕೆ. ಭಲೇ ಹೌದೋ ಅಲ್ಲವೋ ಎಂದು ಕಂಪ್ಯೂಟರ್ ಹೇಗೆ ತೀರ್ಮಾನಿಸೀತು? ಅದು ತೀರ್ಮಾನಿಸುವುದೇ ಇಲ್ಲ. ಆ ಗುರುತನ್ನು ಆಡಿದವರೇ ಹಾಕಿಕೊಳ್ಳಬೇಕು. ಬೇಕಿದ್ದರೆ ಸುಳ್ಳೂ ಹೇಳಬಹುದು, ಕೇಳುವವರಿಲ್ಲ.

ನಮಸ್ಕಾರ.