ಚಿನ್ನದ ಮಂಚ, ಮುಷ್ಕರದ ಬಂದರು

ಸ್ನೇಹಿತರೇ, ಪಶ್ಚಿಮ ಆಫ್ರಿಕಾದ ಘಾನಾ ಸ್ವತಂತ್ರವಾಗಿದ್ದು 1957ರ ಮಾರ್ಚ್ 6ರಂದು. ಅದನ್ನು ಕಟ್ಟಿದ ಸರ್ಕಾರವನ್ನು ಸೇನೆ ಕಿತ್ತೊಗೆದಿದ್ದು 1966ರ ಫೆಬ್ರವರಿ 24ರಂದು. ನಡುವೆ ಒಂಬತ್ತೇ ವರ್ಷ. ಅಷ್ಟರಲ್ಲಿ ಏನಾಯಿತು ಅನ್ನುವುದೇ ಇವತ್ತಿನ ಮಾತು.

ಆ ಸರ್ಕಾರದ ಮುಖ್ಯಸ್ಥರು ಕ್ವಾಮೆ ಎನ್‌ಕ್ರೂಮಾ. ಅವರ ಪಕ್ಷ ಬಡ ಹುಡುಗರ ಪಕ್ಷ. ಓದಿದ ವಕೀಲರು ಅವರನ್ನು 'ವೆರಾಂಡಾ ಬಾಯ್ಸ್' ಎಂದು ಹೀಗಳೆಯುತ್ತಿದ್ದರು. ಮನೆಯಿಲ್ಲದೆ ಕಂಡವರ ಜಗಲಿಯಲ್ಲಿ ಮಲಗುವವರು, ಅಂತ. ಜೈಲಿಗೆ ಹೋಗಿ ಬಂದವರು ಅದನ್ನೇ ಪದವಿಯಂತೆ ಟೋಪಿಯ ಮೇಲೆ ಬರೆಸಿಕೊಂಡು ತಿರುಗುತ್ತಿದ್ದರು. ಎನ್‌ಕ್ರೂಮಾ 1951ರ ಚುನಾವಣೆ ಗೆದ್ದಾಗಲೂ ಜೈಲಿನಲ್ಲೇ ಇದ್ದರು. ಇಂಥವರು ಸುಮ್ನೆ ದುಡ್ಡಿಗಾಗಿ ಬಂದವರಲ್ಲ.

ಆಗ ದೇಶದ ದುಡ್ಡು ಹೆಚ್ಚಾಗಿ ಕೋಕೋದಿಂದಲೇ ಬರುತ್ತಿತ್ತು. ಸರ್ಕಾರಿ ಮಂಡಳಿ ರೈತರಿಂದ ನಿಗದಿತ ಬೆಲೆಗೆ ಕೋಕೋ ಕೊಂಡು ಹೊರದೇಶಕ್ಕೆ ಜಾಸ್ತಿ ಬೆಲೆಗೆ ಮಾರುತ್ತಿತ್ತು. ಉಳಿದ ಹಣದಲ್ಲಿ ಶಾಲೆ, ರಸ್ತೆ, ಆಸ್ಪತ್ರೆ ಎದ್ದವು. ಒಳ್ಳೆಯದೇ. ಆದರೆ ಸಾಲ, ಗುತ್ತಿಗೆ, ಪರವಾನಗಿ ಎಲ್ಲವೂ ಪಕ್ಷದವರ ಕೈಯಿಂದಲೇ ಸಿಗಬೇಕಾಯಿತು. ಆದರ್ಶಕ್ಕೆಂದು ಮಾಡಿದ ಏರ್ಪಾಡೇ ಕಮಿಷನ್‌ಗೂ ದಾರಿಯಾಯಿತು.

ಎನ್‌ಕ್ರೂಮಾಗೆ ಇದು ಕಾಣಲಿಲ್ಲ ಅನ್ನುವಂತಿಲ್ಲ. 1961ರ ಏಪ್ರಿಲ್ 8ರ ನಸುಕಿನಲ್ಲಿ ರೇಡಿಯೋದಲ್ಲಿ ತಮ್ಮ ಪಕ್ಷದವರನ್ನೇ ತರಾಟೆಗೆ ತೆಗೆದುಕೊಂಡರು. ನಾಯಕರ ಆಸ್ತಿಗೆ ಮಿತಿಯೂ ಬಂತು: ಎರಡು ಮನೆ, ಎರಡು ಕಾರು. ಜನಸಾಮಾನ್ಯರ ಪಕ್ಷಕ್ಕೆ ಇದು ಮಿತಿಯಂತೆ! ಅದೇ ಜುಲೈನ ಬಜೆಟ್‌ನಲ್ಲಿ ಕೆಲಸಗಾರರ ಸಂಬಳದಿಂದ ಕಡ್ಡಾಯ ಉಳಿತಾಯದ ಕಡಿತ ಬಂತು. ಸೆಪ್ಟೆಂಬರ್‌ನಲ್ಲಿ ಸೆಕೊಂಡಿ-ತಕೊರಾಡಿಯ ರೈಲ್ವೆ ಮತ್ತು ಬಂದರು ಕೆಲಸಗಾರರು ಮುಷ್ಕರ ಹೂಡಿದರು. ಇವರೂ ಹಿಂದೆ ಸ್ವಾತಂತ್ರ್ಯಕ್ಕಾಗಿ ಕೆಲಸ ನಿಲ್ಲಿಸಿದ್ದವರೇ. ಅವರ ಮುಂದಾಳುಗಳನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಲಾಯಿತು. ಅದಕ್ಕೆ ಬೇಕಾದ ಕಾನೂನು 1958ರಲ್ಲೇ ತಯಾರಾಗಿತ್ತು.

1962ರಲ್ಲಿ ಮಂತ್ರಿ ಕ್ರೋಬೊ ಎಡುಸೈ ಅವರ ಹೆಂಡತಿ ಲಂಡನ್‌ನಲ್ಲಿ ಚಿನ್ನದ ಲೇಪದ ಮಂಚ ಕೊಂಡರು. ಬೆಲೆ ಸುಮಾರು 3,000 ಪೌಂಡ್. ಗುಲ್ಲೆದ್ದಿತು, ಮಂಚ ವಾಪಸ್ ಹೋಯಿತು, ಮಂತ್ರಿಗಿರಿಯೂ ಹೋಯಿತು. ಆದರೆ ಎಡುಸೈ ಮತ್ತೆ ಮಂತ್ರಿಯಾದರು. ನನ್ನ ಲೆಕ್ಕದಲ್ಲಿ ಎನ್‌ಕ್ರೂಮಾ ಸೋತಿದ್ದು ಇಲ್ಲೇ. ಕದ್ದವರಿಗೆ ಬುದ್ಧಿಮಾತು, ಕೇಳಿದವರಿಗೆ ಜೈಲು. ಅವರ ಹಳೆಯ ಎದುರಾಳಿ ಜೆ.ಬಿ. ಡಾನ್ಕ್ವಾ 1965ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅಷ್ಟರಲ್ಲಿ ದೇಶದಲ್ಲಿ ಒಂದೇ ಪಕ್ಷ ಉಳಿದಿತ್ತು. ಲೆಕ್ಕ ಕೇಳುವವರು ಯಾರಿದ್ದರು, ಹೇಳಿ?

ಕೋಕೋ ಬೆಲೆ ಕುಸಿದು ಖಜಾನೆ ಬರಿದಾಗಿದ್ದಾಗ ಸೇನೆ ಬಂತು. ಎನ್‌ಕ್ರೂಮಾ ಆಗ ಹನೋಯ್‌ಗೆ ಹೊರಟು ಚೀನಾ ತಲುಪಿದ್ದರು. ಹೊಸ ಆಡಳಿತ ಸಾಲುಸಾಲು ವಿಚಾರಣಾ ಆಯೋಗಗಳನ್ನು ಕೂರಿಸಿತು. ಗುತ್ತಿಗೆಗಳಲ್ಲಿ ಪಕ್ಷ ತಿಂದ ಪಾಲು, ಪರವಾನಗಿಗಳ ಮಾರಾಟ ಎಲ್ಲ ಹೊರಬಿತ್ತು. ಗೆದ್ದವರು ಬರೆಸಿದ ವರದಿಗಳು, ನಿಜ. ಹಾಗಂತ ಎಲ್ಲವನ್ನೂ ತಳ್ಳಿಹಾಕಲಾಗದು. ಆ ಆಡಳಿತದ ಮುಖ್ಯಸ್ಥರು ಜನರಲ್ ಅಂಕ್ರಾ. 1969ರ ಏಪ್ರಿಲ್‌ನಲ್ಲಿ ಅವರೂ ರಾಜೀನಾಮೆ ಕೊಟ್ಟರು. ರಾಜಕೀಯದ ಖರ್ಚಿಗೆ ಕಂಪನಿಯಿಂದ ಹಣ ತೆಗೆದುಕೊಂಡಿದ್ದು ಬಯಲಾಗಿತ್ತು.