ಸವೆದಷ್ಟೂ ಮೇಲೇಳುವ ಬೆಟ್ಟ

ನಮಸ್ಕಾರ. ಕಳೆದ ವಿಡಿಯೋ ನೋಡಿದ ಒಬ್ಬರು ಕೇಳಿದ್ದ ಪ್ರಶ್ನೆ ಇದು. ಮಳೆ, ಗಾಳಿ, ನದಿ ಎಲ್ಲ ಸೇರಿ ಕೋಟ್ಯಂತರ ವರ್ಷಗಳಿಂದ ಬೆಟ್ಟಗಳನ್ನು ಸವೆಸುತ್ತಲೇ ಇವೆ. ಹಾಗಾದರೆ ಇಷ್ಟು ಹೊತ್ತಿಗೆ ಭೂಮಿಯೆಲ್ಲ ಮಟ್ಟಸವಾಗಿರಬೇಕಿತ್ತು, ಅಲ್ವಾ? ಬೆಟ್ಟಗಳು ಯಾಕೆ ಇನ್ನೂ ಇವೆ?

ಎರಡು ವಾರದಿಂದ ಈ ಪ್ರಶ್ನೆ ನನ್ನ ತಲೆ ಕೊರೆಯುತ್ತಿದೆ.

ಶಾಲೆಯಲ್ಲಿ ಓದಿದ್ದನ್ನು ಬೇಗ ಮುಗಿಸಿಬಿಡೋಣ. ಭೂಮಿಯ ಹೊರಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಅವು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತವೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವೆ ಇದ್ದ ಸಮುದ್ರದ ತಳ ಮಡಿಚಿಕೊಂಡು ಮೇಲೆದ್ದಿತು. ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಸಮುದ್ರ ಜೀವಿಗಳ ಪಳೆಯುಳಿಕೆಗಳಿವೆ. ಆ ತಳ್ಳಾಟ ಇವತ್ತಿಗೂ ನಿಂತಿಲ್ಲ.

ಇದು ಅರ್ಧ ಉತ್ತರ. ಉಳಿದರ್ಧ ಸಿಗುವುದು ಒಂದು ತೂಗುಗುಂಡಿನಲ್ಲಿ.

[ಪರದೆಯ ಮೇಲೆ: ದಾರಕ್ಕೆ ಕಟ್ಟಿದ ಗುಂಡು, ಹಿಂದೆ ಹಿಮಾಲಯ]

ಗೋಡೆ ನೆಟ್ಟಗಿದೆಯಾ ಎಂದು ನೋಡಲು ದಾರ ಕಟ್ಟಿ ಇಳಿಬಿಡುತ್ತಾರಲ್ಲ, ಅದೇ ಗುಂಡು. 19ನೇ ಶತಮಾನದಲ್ಲಿ ಭಾರತದ ಭೂಮಾಪನ ನಡೆಯುವಾಗ ಕಲ್ಯಾಣಪುರ ಮತ್ತು ಕಲಿಯಾನ ಎಂಬ ಎರಡು ಜಾಗಗಳ ನಡುವಿನ ಅಂತರವನ್ನು ಎರಡು ರೀತಿ ಲೆಕ್ಕ ಹಾಕಿದರು. ಒಂದು, ನೆಲದ ಮೇಲೆ ಅಳೆದು. ಇನ್ನೊಂದು, ತೂಗುಗುಂಡಿನ ಆಧಾರದಲ್ಲಿ ನಕ್ಷತ್ರ ನೋಡಿ. ಎರಡು ಲೆಕ್ಕಕ್ಕೂ ಸುಮಾರು 160 ಮೀಟರ್ ವ್ಯತ್ಯಾಸ ಬಂತು! ಹಿಮಾಲಯ ತನ್ನ ಗುರುತ್ವದಿಂದ ಗುಂಡನ್ನು ತುಸು ತನ್ನ ಕಡೆ ಎಳೆದಿರಬೇಕು ಎಂಬ ಅನುಮಾನ ಬಂತು.

ಜಾನ್ ಪ್ರಾಟ್ ಎಂಬ ಪಾದ್ರಿ ಕೂತು ಲೆಕ್ಕ ಹಾಕಿದರು. ಅಷ್ಟು ದೊಡ್ಡ ಪರ್ವತ ಎಳೆದಿದ್ದರೆ ವ್ಯತ್ಯಾಸ ಇದರ ಮೂರು ಪಟ್ಟು ಬರಬೇಕಿತ್ತು. ಅಂದರೆ ಹಿಮಾಲಯ ನೋಡಲು ಇರುವಷ್ಟು ಜೋರಾಗಿ ಎಳೆಯುತ್ತಿರಲಿಲ್ಲ. 1855ರಲ್ಲಿ ಬ್ರಿಟಿಷ್ ಖಗೋಳ ವಿಜ್ಞಾನಿ ಜಾರ್ಜ್ ಏರಿ ಇದಕ್ಕೊಂದು ಕಾರಣ ಕೊಟ್ಟರು. ಬೆಟ್ಟಕ್ಕೆ ಬೇರಿದೆ! ಮೇಲೆ ಎಷ್ಟು ಎತ್ತರವೋ, ಅದಕ್ಕಿಂತ ಎಷ್ಟೋ ಜಾಸ್ತಿ ಹಗುರ ಕಲ್ಲು ಕೆಳಗೆ ಇಳಿದು, ಅಲ್ಲಿನ ಭಾರದ ಕಲ್ಲನ್ನು ಪಕ್ಕಕ್ಕೆ ಸರಿಸಿದೆ. ಅದಕ್ಕೇ ಒಟ್ಟು ಎಳೆತ ಕಡಿಮೆ. ಬೆಟ್ಟ ಸುಮ್ನೆ ನೆಲದ ಮೇಲೆ ಕೂತಿಲ್ಲ. ತೇಲುತ್ತಿದೆ.

ಒಂದು ದಾರ, ಒಂದು ಗುಂಡು. ಅಷ್ಟರಲ್ಲೇ ಹತ್ತಾರು ಕಿಲೋಮೀಟರ್ ಆಳದ ಸುಳಿವು ಸಿಕ್ಕಿತು. ನನಗಂತೂ ಇದನ್ನು ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ.

ಈಗ ಮೂಟೆ ತುಂಬಿದ ದೋಣಿ ನೆನೆಸಿಕೊಳ್ಳಿ. ಒಂದೊಂದೇ ಮೂಟೆ ಇಳಿಸಿದರೆ ದೋಣಿ ಮೇಲೇಳುತ್ತದೆ. ನದಿ ಮಾಡುವ ಕೆಲಸ ಅದೇ. ಬೆಟ್ಟವನ್ನು ಮರಳು ಮಾಡಿ ಸಮುದ್ರಕ್ಕೆ ಹೊತ್ತೊಯ್ಯುತ್ತದೆ. ಭಾರ ಇಳಿಯುತ್ತದೆ, ಬುಡ ಮೇಲೇರುತ್ತದೆ. ಕೆಳಗಿನ ಕಲ್ಲು ಗಟ್ಟಿಯೇ, ಆದರೆ ಆ ಬಿಸಿಯಲ್ಲಿ ತೀರಾ ನಿಧಾನವಾಗಿ ಹರಿದು ಬಂದು ಜಾಗ ತುಂಬುತ್ತದೆ. ಲೆಕ್ಕ ಹೀಗಿದೆ: 100 ಮೀಟರ್ ಕಲ್ಲು ಸವೆದರೆ ನೆಲ ಸುಮಾರು 80 ಮೀಟರ್ ವಾಪಸ್ ಏಳುತ್ತದೆ. ನಿಜವಾಗಿ ತಗ್ಗುವುದು 20 ಮೀಟರ್ ಮಾತ್ರ.

ಇನ್ನೊಂದು ವಿಷಯ. ನದಿ ಕೊರೆಯುವುದು ಕಣಿವೆಯನ್ನು. ಮೇಲೇಳುವುದು ಸುತ್ತಲಿನ ಇಡೀ ಪ್ರದೇಶ, ಶಿಖರವೂ ಸೇರಿ. ಹಾಗಾಗಿ ಸವೆತದಿಂದಲೇ ಶಿಖರ ಎತ್ತರವಾಗಬಹುದು. ಎವರೆಸ್ಟ್ ಹತ್ತಿರ ಹರಿಯುವ ಅರುಣ್ ನದಿ ಸುಮಾರು 89,000 ವರ್ಷಗಳ ಹಿಂದೆ ಕೋಸಿ ನದಿಯ ಜಾಲಕ್ಕೆ ಸೇರಿ, ಜೋರಾಗಿ ಕೊರೆಯತೊಡಗಿತು. ಅದರಿಂದಾಗಿಯೇ ಎವರೆಸ್ಟ್ 15ರಿಂದ 50 ಮೀಟರ್ ಮೇಲೆದ್ದಿದೆ ಎಂದು 2024ರಲ್ಲಿ ಬಂದ ಅಧ್ಯಯನವೊಂದು ಹೇಳುತ್ತದೆ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಬೇಗ. ಭಾರ ಇಳಿಸುವುದು ನದಿ ಮಾತ್ರ ಅಲ್ಲ. ಹಿಮಯುಗದ ಮಂಜುಗಡ್ಡೆ ಕರಗಿ ಸುಮಾರು 10,000 ವರ್ಷವಾದರೂ ಸ್ವೀಡನ್ನಿನ ಉತ್ತರ ಕರಾವಳಿ ವರ್ಷಕ್ಕೆ ಹತ್ತಿರಹತ್ತಿರ 1 ಸೆಂಟಿಮೀಟರ್ ಏಳುತ್ತಿದೆ. ಅಲ್ಲಿನ ಲೂಲಿಯೋ ಊರಿನ ಬಂದರಿನಲ್ಲಿ ನೀರು ಸಾಲದಾಗಿ, 1649ರಲ್ಲಿ ಊರನ್ನೇ ಬೇರೆ ಕಡೆ ಕಟ್ಟಬೇಕಾಯಿತು.

ತಳ್ಳಾಟ ನಿಂತ ಬೆಟ್ಟಗಳೂ ಇವೆ. ಅಮೆರಿಕದ ಅಪಲೇಚಿಯನ್ ಸಾಲು ಸುಮಾರು 30 ಕೋಟಿ ವರ್ಷಗಳ ಹಿಂದಿನ ಡಿಕ್ಕಿಯಲ್ಲಿ ಎದ್ದದ್ದು. ಇಷ್ಟು ಸವೆದ ಮೇಲೂ ಅಲ್ಲಿ 2,037 ಮೀಟರ್ ಎತ್ತರದ ಶಿಖರ ನಿಂತಿದೆ. ಬೇರು ಪೂರ್ತಿ ಮೇಲೆ ಬರುವ ತನಕ ಬೆಟ್ಟ ಮುಗಿಯುವುದಿಲ್ಲ.

ಜ್ವಾಲಾಮುಖಿ ಕಟ್ಟಿದ್ದನ್ನು ಅಲೆ ಹೇಗೆ ತಿನ್ನುತ್ತದೆ ಎನ್ನುವುದು ಇವತ್ತು ಉಳಿದೇಹೋಯಿತು. 1963ರಲ್ಲಿ ಐಸ್‌ಲ್ಯಾಂಡ್ ಪಕ್ಕದ ಸಮುದ್ರದಿಂದ ಎದ್ದು, ಆಗಲೇ ಅರ್ಧದಷ್ಟು ಕರಗಿಹೋದ ಸರ್ಟ್ಸಿ ದ್ವೀಪದ ಜೊತೆ ಮುಂದಿನ ವಿಡಿಯೋದಲ್ಲಿ ಸಿಗುತ್ತೇನೆ.