ನಡುದಾರಿಯಲ್ಲಿ ನಿಂತು ನೋಡಿ

ಕೇಳುಗರಿಗೆ ನಮಸ್ಕಾರ.

ನಗರದ ದೊಡ್ಡ ಉದ್ಯಾನಕ್ಕೆ ಹೋದರೆ ನಮ್ಮ ಕಾಲು ಮೊದಲು ಹೂವಿನ ಕಡೆಗೇ ಎಳೆಯುತ್ತದೆ, ಅಲ್ವಾ? ನಾಲ್ಕು ಫೋಟೊ, ಒಂದು ಸುತ್ತು, ಮನೆಗೆ ವಾಪಸ್. ಆದರೆ ನೇರ ದಾರಿ, ಅಳತೆ ಹಿಡಿದು ಮಾಡಿದ ಪಾತಿ, ಗೋಡೆಯಂತೆ ಕತ್ತರಿಸಿದ ಗಿಡಗಳಿರುವ ತೋಟವನ್ನು ಹಾಗೆ ನೋಡಿದರೆ ಅರ್ಧ ನೋಡಿದಂತೆ. ಮೊದಲು ನಡುದಾರಿಗೆ ಹೋಗಿ. ಸ್ವಲ್ಪ ಹೊತ್ತು ಸುಮ್ನೆ ನಿಂತುಕೊಳ್ಳಿ.

ಹಿಂದೆ ಅರಮನೆಯ ತೋಟವಾಗಿದ್ದ ಪ್ಯಾರಿಸ್ಸಿನ ಟುಯ್ಲರೀ ಉದ್ಯಾನವನ್ನೇ ತೆಗೆದುಕೊಳ್ಳಿ. 1664ರಲ್ಲಿ ಅದಕ್ಕೆ ಹೊಸ ರೂಪ ಕೊಡಲು ತೊಡಗಿದವನು ಫ್ರಾನ್ಸಿನ ಅರಸನ ತೋಟಗಾರ ಆಂದ್ರೆ ಲೆ ನೋಟ್ರ್. ಅವನ ಅಪ್ಪ, ತಾತ ಇಬ್ಬರೂ ಅದೇ ತೋಟದಲ್ಲಿ ದುಡಿದವರು. ಅಲ್ಲಿನ ನಡುದಾರಿಯಲ್ಲಿ ಎರಡು ಕೊಳಗಳಿವೆ. ಅರಮನೆ ಇದ್ದ ಕಡೆಯದು ದುಂಡಗಿದೆ, ಆಚೆ ತುದಿಯದಕ್ಕೆ ಎಂಟು ಮೂಲೆ. ದೂರದ ಕೊಳವನ್ನು ಅವನು ಬೇಕೆಂದೇ ದೊಡ್ಡದಾಗಿ ಮಾಡಿದ. ದೂರವಿದ್ದದ್ದು ಚಿಕ್ಕದಾಗಿ ಕಾಣುತ್ತದಲ್ಲ, ಅದನ್ನು ಮೊದಲೇ ಲೆಕ್ಕ ಹಾಕಿದ್ದ. ಹತ್ತಿರ ನಡೆದು ಹೋದಾಗಲೇ ಅದರ ನಿಜವಾದ ಗಾತ್ರ ಗೊತ್ತಾಗುವುದು. ಅರಮನೆ 1871ರಲ್ಲಿ ಸುಟ್ಟುಹೋಯಿತು. ಲೆಕ್ಕ ಮಾತ್ರ ಹಾಗೇ ಇದೆ.

ಅರಸರ ಆ ತೋಟ ಜನರಿಗೆ ತೆರೆದದ್ದು 1667ರಲ್ಲಿ. ಆಗಲೂ ಭಿಕ್ಷುಕರಿಗೆ, ಆಳುಗಳಿಗೆ, ಸಿಪಾಯಿಗಳಿಗೆ ಒಳಗೆ ಬಿಡುತ್ತಿರಲಿಲ್ಲ. ಈಗ ಯಾರು ಬೇಕಾದರೂ ಕುರ್ಚಿ ಎಳೆದುಕೊಂಡು ಕೊಳದ ಪಕ್ಕ ಕೂರಬಹುದು. ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇನ್ನು ಕತ್ತರಿಸಿದ ಗಿಡದ ಸಾಲು. ಯಾವ ಊರಿನ ತೋಟವಾದರೂ ಸರಿ, ಒಮ್ಮೆ ಬಗ್ಗಿ ನೋಡಿ. ಚೆನ್ನಾಗಿ ಬೆಳೆಸಿದ ಸಾಲು ಬುಡದಲ್ಲಿ ಅಗಲ, ಮೇಲೆ ಕೊಂಚ ಕಿರಿದು. ಹಾಗಿದ್ದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ಮೇಲೆ ಅಗಲವಾಗಲು ಬಿಟ್ಟರೆ ನೆರಳು ಬಿದ್ದು ಬುಡ ಬೋಳಾಗುತ್ತದೆ. ತುದಿಯ ಕುಡಿ ಇರುವಷ್ಟು ದಿನ ಅದು ಪಕ್ಕದ ಮೊಗ್ಗುಗಳನ್ನು ತಡೆದು ಹಿಡಿಯುತ್ತದೆ. ಕುಡಿ ಚಿವುಟಿದರೆ ಪಕ್ಕದವು ಒಡೆಯುತ್ತವೆ, ಗಿಡ ದಟ್ಟವಾಗುತ್ತದೆ. ಎಲೆ ಸರಿಸಿ ನೋಡಿದರೆ ಹಳೆಯ ಕತ್ತರಿ ಗಾಯ, ಅದರ ಕೆಳಗೇ ಒಡೆದ ಎರಡು ಮೂರು ಕವಲು ಕಾಣುತ್ತವೆ. ಆ ದಟ್ಟ ಹಸಿರು ಬಂದದ್ದು ಅಲ್ಲಿಂದ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಬೇಗ ಹೋಗಬೇಕೆಂದು ಪಾತಿ ದಾಟಬೇಡಿ. ನೇರ ಸಾಲಿನಲ್ಲಿ ಒಂದು ಗಿಡ ಸತ್ತರೂ ಆ ಸಂದು ದೂರದಿಂದಲೇ ಕಾಣುತ್ತದೆ. ಹೊಸ ಗಿಡ ಪಕ್ಕದವುಗಳ ಎತ್ತರಕ್ಕೆ ಬರಲು ವರ್ಷಗಟ್ಟಲೆ ಬೇಕು. ಮಾಲಿ ದಾರ ಕಟ್ಟಿ ಕತ್ತರಿ ಹಿಡಿದಿದ್ದರೆ ದಯವಿಟ್ಟು ನಿಂತು ನೋಡಿ. ಅವರಿಗೆ ಬಿಡುವಿದ್ದರೆ ಮಾತಾಡಿಸಿ. ಯಾವ ಗಿಡ ಹಟಮಾರಿ, ಯಾವುದು ಹೇಳಿದಂತೆ ಕೇಳುತ್ತದೆ, ಅವರೇ ಹೇಳುತ್ತಾರೆ.

ನಮಸ್ಕಾರ.